ತಡೆಗಾರರು ಎದುರಾಳಿಗೆ ದಾರಿ ಬಿಡುತ್ತಿರುವ ಬಗ್ಗೆ

ಕ್ರಮಾಂಕ: ಆಟ/ತಡೆ/57
ಚಾಮರಾಜನಗರ, ಫೆಬ್ರವರಿ 1957

ವಿಷಯ: ಇಲಾಖೆಯ ಸಂಬಳದ ಬಾಸ್ಕೆಟ್‌ಬಾಲ್ ತಂಡದ ರಕ್ಷಣಾ ವೈಫಲ್ಯ.
ಉಲ್ಲೇಖ: ಗುಂಡ್ಲುಪೇಟೆ ಶಾಖೆಯ ಎದುರು ಈವರೆಗಿನ ಎಲ್ಲ ಸೋಲುಗಳು.

ಆಡುವುದಕ್ಕೆಂದೇ ಸಂಬಳ ಕೊಟ್ಟು ಚಾಮರಾಜನಗರ ಶಾಖೆಯು ತಂಡವೊಂದನ್ನು ಇಟ್ಟುಕೊಂಡಿದೆ. ಚೆಂಡನ್ನು ಬುಟ್ಟಿಗೆ ಹಾಕುವುದರಲ್ಲಿ ತಂಡ ಹಿಂದೆ ಬಿದ್ದಿಲ್ಲ. ಹಾಕಬಂದವರನ್ನು ತಡೆಯುವುದರಲ್ಲಿ ಬಿದ್ದಿದೆ. ವಿಚಾರಣೆ ನಡೆಸಲಾಗಿ, ತಡೆಗಾರರಲ್ಲಿ ಓಟ, ಎತ್ತರ, ಉಸಿರು ಯಾವುದಕ್ಕೂ ಕೊರತೆಯಿಲ್ಲವೆಂದೂ ಮರ್ಯಾದೆ ಮಾತ್ರ ಅಗತ್ಯಕ್ಕಿಂತ ಹೆಚ್ಚಿದೆಯೆಂದೂ ಕಂಡುಬಂದಿದೆ. ಆದುದರಿಂದ ಈ ಕೆಳಗಿನಂತೆ ಸೂಚಿಸಲಾಗಿದೆ.

1. ಹರವೆಯ ನೀಲಕಂಠಸ್ವಾಮಿಯವರು, ಗುಂಡ್ಲುಪೇಟೆ ತಂಡದಲ್ಲಿ ಆಡುವ ತಮ್ಮ ಭಾವನನ್ನು ತಡೆಯದೆ, ಅವರ ಕೈಜಾರಿದ ಚೆಂಡನ್ನೂ ಎತ್ತಿಕೊಟ್ಟಿದ್ದಾರೆ. ಕಾರಣ ಕೇಳಲಾಗಿ, “ಅಕ್ಕನ ಕೊಟ್ಟಿರೋ ಮನೆ ಸಾರ್, ಬರಿಗೈಲಿ ಕಳುಸಕಾದದಾ?” ಎಂದಿದ್ದಾರೆ. ಇನ್ನು ಮುಂದೆ ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಸಕಲ ನೆಂಟಸ್ತನವನ್ನು ಅಮಾನತಿನಲ್ಲಿಡಲಾಗುವುದು. ವಿರಾಮದಲ್ಲಿ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಮಾತ್ರ ಅದು ತಾನಾಗಿ ಜಾರಿಗೆ ಬರುವುದು.

2. ತಡೆಗಾರರು ಎರಡೂ ಕೈ ಎತ್ತಬೇಕೆಂದು ತರಬೇತುದಾರ ಸೋಮಯ್ಯನವರು ಹೇಳಿದ್ದರು. ಎತ್ತಿದ್ದಾರೆ; ಆದರೆ ಜೋಡಿಸಿದ್ದಾರೆ. ಎರಡು ಅಂಗೈಗಳ ನಡುವೆ ಕನಿಷ್ಠ ಒಂದು ಮೊಳ ಅಂತರವಿರತಕ್ಕದ್ದು.

3. ತಂಡದಲ್ಲೆಲ್ಲ ಎತ್ತರದವರು ಕುದೇರಿನ ಚಿಕ್ಕಮಾದು, ಹುದ್ದೆ ಹಂಗಾಮಿ. ಗುಂಡ್ಲುಪೇಟೆ ತಂಡದ ಮುನ್ನುಗ್ಗುವ ಆಟಗಾರ ಶಿವರುದ್ರಸ್ವಾಮಿಯವರೂ ಅದೇ ಊರಿನವರು. ಚಿಕ್ಕಮಾದುವಿನ ತಾಯಿ ಮರಿತಾಯಮ್ಮ ಕೂಲಿ ಮಾಡುವುದು ಅವರ ಹೊಲದಲ್ಲಿ. ಆ ಮನೆಯವರು ಎದುರಾದರೆ ಬೀದಿಯ ಅಂಚಿಗೆ ಸರಿದು ನಿಲ್ಲುವುದು ಚಿಕ್ಕಮಾದು ನಡೆಯಲು ಕಲಿತಂದಿನಿಂದ ಬಂದ ವಾಡಿಕೆ. ಅಂಕಣದಲ್ಲೂ ಅಂಚಿಗೇ ಸರಿದಿದ್ದಾರೆ. ಅವರ ಹೇಳಿಕೆ: “ಬೇಕಂತ ಸರೀನಿಲ್ಲ ಸಾರ್. ಅವ್ರು ಬತ್ತಿದ್ದಂಗೆ ಕಾಲೇ ಪಕ್ಕಕ್ಕೋಯ್ತವೆ.” ಸದರಿ ಕಾಲುಗಳಿಗೆ ಪ್ರತ್ಯೇಕ ನೋಟೀಸು ನೀಡಬಹುದೇ ಎಂದು ಮೇಲಿನ ಕಚೇರಿಯನ್ನು ಕೇಳಲಾಗಿದೆ.

4. ಅಭ್ಯಾಸಕ್ಕೆಂದು ಹುಲ್ಲಿನ ಬೆದರುಗೊಂಬೆಯೊಂದನ್ನು ಮಾಡಿ, ಗಾಲಿಯ ಮೇಲಿಟ್ಟು ಚಿಕ್ಕಮಾದುವಿನತ್ತ ತಳ್ಳಲಾಯಿತು. ಅದಕ್ಕೂ ದಾರಿ ಬಿಟ್ಟರು. ಗೊಂಬೆಗೇಕೆ ಎಂದು ಸೋಮಯ್ಯನವರು ಗದರಲಾಗಿ, “ಅಂಗಿ ಅವ್ರದಲ್ವಾ ಸಾರ್” ಎಂದರು. ಅಂಗಿಯನ್ನು ಶಿವರುದ್ರಸ್ವಾಮಿಯವರಿಂದಲೇ ಎರವಲು ತಂದದ್ದು ಹೌದು. ಇನ್ನು ಮುಂದೆ ಗೊಂಬೆಗಳಿಗೆ ಊರಿಲ್ಲದ ಅಂಗಿ ತೊಡಿಸತಕ್ಕದ್ದು.

5. ಮುಂದಿನ ಪಂದ್ಯದಲ್ಲಿ ನಿಲ್ಲದಿದ್ದರೆ ಕೆಲಸದಿಂದ ತೆಗೆಯಲಾಗುವುದೆಂದು ಚಿಕ್ಕಮಾದುವಿಗೆ ತಿಳಿಸಲಾಯಿತು. ವಿಷಯ ತಿಳಿದ ಮರಿತಾಯಮ್ಮ ಕಚೇರಿಯವರೆಗೂ ನಡೆದು ಬಂದು, ಜಗುಲಿಯ ಕೆಳಗೆ ನಿಂತು ಮಗನಿಗೆ ಹೇಳಿದ್ದನ್ನು ಗುಮಾಸ್ತರು ಕೇಳಿಸಿಕೊಂಡಿದ್ದಾರೆ: “ಸರುದ್ರೆ ನಿನ್ ಸಂಬ್ಳ ಓಯ್ತದೆ, ನಿಂತ್ರೆ ನನ್ ಕೂಲಿ ಓಯ್ತದೆ. ಯಾವ್ದು ಓಗ್ಲಿ ಅಂತ ನೀನೇ ನೋಡ್ಕ ಕಣ್ಲಾ ಮಗ.” ಈ ಬಗ್ಗೆ ಆಟದ ನಿಯಮಗಳಲ್ಲಿ ಏನೂ ಹೇಳಿರುವುದಿಲ್ಲ.

6. ಮೊನ್ನೆ ಗುಂಡ್ಲುಪೇಟೆಯಲ್ಲಿ ನಡೆದ ಪಂದ್ಯದಲ್ಲಿ ಶಿವರುದ್ರಸ್ವಾಮಿಯವರು ಚೆಂಡು ಪುಟಿಸುತ್ತಾ ನೇರವಾಗಿ ಬಂದರು. ಚಿಕ್ಕಮಾದು ಬುಟ್ಟಿಯ ಕೆಳಗಿದ್ದರು. “ಸರ್ಕಳ್ಲಾ ಮಾದು” ಎಂದದ್ದು ತೀರ್ಪುಗಾರರಿಗೂ ಕೇಳಿಸಿದೆ. ಅದಕ್ಕೆ ಚಿಕ್ಕಮಾದು, ದನಿ ಏರಿಸದೆ, “ಇಲ್ ನಿಂತ್ಕಳಕ್ಕೇ ನಂಗೆ ಸಂಬ್ಳ ಕೊಡದು ಬುದ್ಧಿ” ಎಂದರು. ಕಾಲುಗಳು ಸರಿಯಲಿಲ್ಲ. ಡಿಕ್ಕಿಯಾಗಿ ಶಿವರುದ್ರಸ್ವಾಮಿಯವರು ಬಿದ್ದರು. ನಿಂತವರದಲ್ಲ, ನುಗ್ಗಿದವರದೇ ತಪ್ಪೆಂದು ತೀರ್ಪಾಯಿತು. ಎತ್ತಲು ಚಿಕ್ಕಮಾದು ಕೈ ಚಾಚಿದರು. ಬಿದ್ದವರು ತಾವೇ ಎದ್ದರು. ಚಾಚಿದ ಕೈಯನ್ನು ಹಿಡಿಯತಕ್ಕದ್ದೆಂಬ ನಿಯಮವಿಲ್ಲದ ಕಾರಣ ಆಟ ಮುಂದುವರಿಯಿತು.

7. ಉಳಿದ ನಾಲ್ವರು ಆಟ ಮುಗಿಯುವವರೆಗೂ ಚಿಕ್ಕಮಾದುವನ್ನೇ ನೋಡುತ್ತ ನಿಂತದ್ದರಿಂದ ತಂಡ ಸೋತಿದೆ. ನೋಡುವುದನ್ನು ರಕ್ಷಣೆಯೆಂದು ಪರಿಗಣಿಸಲಾಗದು.

8. ಮಾರನೆಯ ದಿನದಿಂದ ಮರಿತಾಯಮ್ಮನನ್ನು ಕೂಲಿಗೆ ಕರೆದಿಲ್ಲವೆಂದು ವರದಿಯಾಗಿದೆ. ಇದು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಕಾಲು ಸರಿಸದೆ ನಿಂತ ಗಳಿಗೆಯಿಂದ ಅನ್ವಯವಾಗುವಂತೆ ಚಿಕ್ಕಮಾದುವಿನ ಹುದ್ದೆಯನ್ನು ಖಾಯಂಗೊಳಿಸಲಾಗಿದೆ. ಕಚೇರಿಯ ಹಿಂಬದಿಯ ಕೋಣೆಯಲ್ಲಿ ತಾಯಿಯನ್ನು ಇರಿಸಿಕೊಳ್ಳಲು ಅವರು ಸಲ್ಲಿಸಿರುವ ಮನವಿಯು ಪರಿಶೀಲನೆಯಲ್ಲಿದ್ದು, ಶೀಘ್ರ ತೀರ್ಮಾನವನ್ನು ನಿರೀಕ್ಷಿಸತಕ್ಕದ್ದಲ್ಲ.

(ಸಹಿ ಅಸ್ಪಷ್ಟ)
ಶಾಖಾಧಿಕಾರಿಯವರ ಪರವಾಗಿ

ಪ್ರತಿಗಳು ಹೋಗಬೇಕಾದವರು:
ಗುಂಡ್ಲುಪೇಟೆ ಶಾಖೆ: ತಿಳಿವಳಿಕೆಗಾಗಿ.
ನೀಲಕಂಠಸ್ವಾಮಿಯವರ ಭಾವ: ವಿರಾಮದಲ್ಲಿ ಕೊಡುವುದು.
ಶ್ರೀ ಶಿವರುದ್ರಸ್ವಾಮಿ: ಅಂಗಿಯ ಸಮೇತ.
ಶ್ರೀಮತಿ ಮರಿತಾಯಮ್ಮ, ಕಚೇರಿಯ ಹಿಂಬದಿಯ ಕೋಣೆ, ಚಾಮರಾಜನಗರ: ಮಗ ಓದಿ ಹೇಳತಕ್ಕದ್ದು.