ಯಜಮಾನರ ಸ್ವಂತ ಮೇಲ್ ಸರ್ವರ್

ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ, ಮೆಕ್ಕೆಜೋಳ ಬಿಡಿಸುವ ಯಂತ್ರಗಳನ್ನು ತಯಾರಿಸುವ ಶೆಡ್ಡೊಂದಿದೆ. ಅದರ ಆಫೀಸಿನಲ್ಲಿ ನನ್ನ ಕೆಲಸ. ಆಫೀಸೆಂದರೆ ನಾನು, ಒಂದು ಕಂಪ್ಯೂಟರು, ಒಂದು ಫ್ಯಾನು. ಕಬ್ಬಿಣ ಬೆಸೆಯುವ ಜಾಗದಲ್ಲಿ ಕಂಪ್ಯೂಟರ್ ಇಟ್ಟರೆ ಏನಾದರೊಂದು ಆಗುತ್ತಲೇ ಇರುತ್ತದೆ. ಅದರಲ್ಲೂ ನಮ್ಮ ಯಜಮಾನರು ಸ್ವಂತ ಮೇಲ್ ಸರ್ವರ್ ಬೇಕೆಂದು ಹಟ ಹಿಡಿದ ವರ್ಷವನ್ನು ನೆನೆದರೆ ಮನೆಗೆ ಹೋಗುವ ನಲ್ಲೂರಿನ ಬಸ್ಸಿನಲ್ಲಿ ಒಬ್ಬಳೇ ನಗುತ್ತೇನೆ. ಪಕ್ಕದವರು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.

ಇಪ್ಪತ್ತೈದನೇ ಬಾಗಿಲು

ಯಜಮಾನರ ವಾದ ಸರಳ. "ನಮ್ಮ ಯಂತ್ರ ನಾವೇ ಮಾಡ್ತೀವಿ. ನಮ್ಮ ಟಪಾಲು ಇನ್ನೊಬ್ಬರ ಮನೆಯಿಂದ ಯಾಕೆ ಹೋಗ್ಬೇಕು?"

ಕೊಯ್ಲಿಗೆ ಮುಂಚೆ ನ್ಯಾಮತಿ, ಹೊನ್ನಾಳಿ, ಜಗಳೂರಿನ ಡೀಲರುಗಳಿಗೆ ಹೊಸ ಯಂತ್ರಗಳ ವಿವರ ಮುಟ್ಟಬೇಕಿತ್ತು. ತಡವಾದರೆ ಅವರು ಬೇರೆ ಕಡೆ ಆರ್ಡರ್ ಕೊಟ್ಟುಬಿಡುತ್ತಾರೆ. ನಾನು ವಿಡಿಯೋ ನೋಡಿ ನೋಡಿ ಹಳೇ ಕಂಪ್ಯೂಟರಿನಲ್ಲೇ ಸರ್ವರ್ ಕಟ್ಟಿದೆ. ಮೇಲ್ ಬರೆದು ಕಳಿಸಿದೆ. ಅದು ಶೆಡ್ಡು ಬಿಟ್ಟು ಕದಲಲಿಲ್ಲ.

ಮೇಲ್ ಹೊರಗೆ ಹೋಗಲು ಒಂದು ದಾರಿ ಇರುತ್ತದೆ, ಅದರ ನಂಬರು ಇಪ್ಪತ್ತೈದು. ನಮಗೆ ಇಂಟರ್ನೆಟ್ ಕೊಟ್ಟವರು ಅದನ್ನು ಮುಚ್ಚಿಟ್ಟಿದ್ದರು.

"ಇಪ್ಪತ್ತೈದನೇ ಬಾಗಿಲು ಮುಚ್ಚೈತೆ, ಯಜಮಾನ್ರೇ" ಎಂದೆ.

ಅವರು ವೆಲ್ಡಿಂಗ್ ಮಾಡುತ್ತಿದ್ದ ಚಾಚಾ ಕಡೆ ತಿರುಗಿದರು. "ಕೇಳಿದ್ರಾ? ನೀವು ಶೆಡ್ಡಿಗೆ ಎರಡನೇ ಬಾಗಿಲು ಕೂರಿಸಾಕೆ ಇಡೀ ಮಳೆಗಾಲ ತಗೊಂಡ್ರಿ. ಈ ಹುಡುಗಿ ಆಗಲೇ ಇಪ್ಪತ್ತೈದು ಇಟ್ಟಾಳೆ."

ಚಾಚಾ ತಲೆ ಎತ್ತದೆ ಹೇಳಿದರು: "ಇಟ್ಟು ಏನ್ ಬಂತು, ತೆರೆಯಾಕೆ ಬರಲ್ವಲ್ಲ."

ಉಲ್ಟಾ ವಿಳಾಸ

ಕಾಡಿ ಬೇಡಿ ಆ ಬಾಗಿಲು ತೆರೆಸಿದೆವು. ಮೇಲ್‌ಗಳು ಹೊರಟವು, ಹೋದಷ್ಟೇ ವೇಗದಲ್ಲಿ ವಾಪಸ್ಸೂ ಬಂದವು.

ಯಜಮಾನರಿಗೆ ಬಿಡಿಸಿ ಹೇಳಿದೆ. "ನಮ್ಮ ಹೆಸರು ಹೇಳಿದ್ರೆ ಇಂಟರ್ನೆಟ್‌ನಾಗೆ ನಮ್ಮ ವಿಳಾಸದ ನಂಬರ್ ಸಿಗ್ತೈತೆ. ಆದ್ರೆ ನಂಬರ್ ಹೇಳಿ ಇದು ಯಾರದು ಅಂತ ಕೇಳಿದ್ರೆ ಬೇರೆ ಯಾರದೋ ಹೆಸರು ಬರ್ತೈತೆ. ಅದಕ್ಕೇ ಆ ಕಡೆ ಸರ್ವರ್‌ಗಳು ನಮ್ಮನ್ನ ನಂಬ್ತಿಲ್ಲ."

"ಇದೇನು ದೊಡ್ಡ ತಪ್ಪಾ?" ಎಂದರು. "ನಮ್ಮೂರಲ್ಲಿ ನನ್ನ ಹೆಸರು ಹೇಳಿದ್ರೆ ಮನೆ ತೋರಿಸ್ತಾರೆ. ಮನೆ ತೋರಿಸಿ ಯಾರದು ಅಂದ್ರೆ ಟೀಚರಮ್ಮನ ಮನೆ ಅಂತಾರೆ. ಹಂಗಂತ ನನ್ನನ್ನ ಒಳಗೆ ಬಿಡಲ್ವಾ?"

ಟೀಚರಮ್ಮ ಎಂದರೆ ಅವರ ಹೆಂಡತಿ, ಕತ್ತಲಗೆರೆಯ ಶಾಲೆಯಲ್ಲಿ ಪಾಠ ಹೇಳುವವರು. ಯಜಮಾನರು ತಾವೇ ತಿದ್ದಿಕೊಂಡರು.

"ಕೆಲವು ಸಲ ಬಿಡಲ್ಲ."

ಕಪ್ಪುಪಟ್ಟಿ

ಅದನ್ನೂ ಸರಿಪಡಿಸಿದ ಮೇಲೆ ಇನ್ನೊಂದು ಗೊತ್ತಾಯಿತು. ನಮಗೆ ಸಿಕ್ಕ ನಂಬರನ್ನು ಹಿಂದೆ ಬಳಸಿದ್ದ ಯಾರೋ ಪುಣ್ಯಾತ್ಮ ಲೋಕಕ್ಕೆಲ್ಲ ಕಸದ ಮೇಲ್ ಕಳಿಸಿದ್ದನಂತೆ. ಇವರ ಮೇಲ್ ತೆಗೆದುಕೊಳ್ಳಬೇಡಿ ಎಂಬ ಕಪ್ಪುಪಟ್ಟಿಗೆ ಆ ನಂಬರು ಸೇರಿತ್ತು.

ಈ ಮಾತು ಕೇಳಿ ಯಜಮಾನರು ಊಟದ ಡಬ್ಬಿ ತೆರೆಯಲೇ ಇಲ್ಲ. "ನಮ್ಮಪ್ಪನ ಕಾಲದಿಂದ ಒಬ್ಬರ ಕೈಲಿ ಒಂದು ಮಾತು ಅನ್ನಿಸ್ಕೊಂಡಿಲ್ಲ ಕಣಮ್ಮ" ಎಂದರು.

ಪಟ್ಟಿಯಿಂದ ತೆಗೆಯಿರಿ ಎಂದು ಪಟ್ಟಿ ಮಾಡಿದವರಿಗೆ ಅರ್ಜಿ ಹಾಕಿದೆವು. ಅರ್ಜಿಯಲ್ಲಿ, ತಪ್ಪು ಮರುಕಳಿಸದಂತೆ ಏನು ಕ್ರಮ ಕೈಗೊಂಡಿದ್ದೀರಿ ಎಂದು ಕೇಳಿದ್ದರು. ಯಜಮಾನರು ಎದ್ದು ನಿಂತು ಹೇಳಿ ಬರೆಸಿದರು: "ಶೆಡ್ಡಿಗೆ ಸುಣ್ಣ ಹೊಡೆಸಿದೀವಿ. ಗೇಟಿಗೆ ಕ್ಯಾಮೆರಾ ಹಾಕಿಸಿದೀವಿ."

ಉತ್ತರಕ್ಕೆ ಕಾದೆವು, ಕಾದೆವು. ಬರಲೇ ಇಲ್ಲ. ಕೊನೆಗೆ ಹುಡುಕಿದರೆ ಅರ್ಜಿ ಹಾಕಿದ ದಿನವೇ ಬಂದಿತ್ತು. 'ನಿಮ್ಮನ್ನು ಕಪ್ಪುಪಟ್ಟಿಯಿಂದ ತೆಗೆದಿದ್ದೇವೆ' ಎಂಬ ಆ ಮೇಲನ್ನು ನಮ್ಮ ಸರ್ವರ್ ಕಸವೆಂದು ಬುಟ್ಟಿಗೆ ಎಸೆದಿತ್ತು.

ಖುದ್ದು ವರದಿ

ಅಂತೂ ಮೇಲ್ ಹೋಗತೊಡಗಿತು. ಜಗಳೂರಿನ ಡೀಲರ್ ಮಾತ್ರ ಫೋನ್ ಮಾಡಿ, "ನಿಮ್ದು ಸ್ಪ್ಯಾಮ್‌ನಾಗೆ ಬಿದ್ದೈತೆ ನೋಡ್ರಿ" ಎಂದರು.

ಸ್ಪ್ಯಾಮ್ ಎಂದರೆ ಕಸದ ಬುಟ್ಟಿ, ಅಲ್ಲಿ 'ಸ್ಪ್ಯಾಮ್ ಅಲ್ಲ' ಎಂಬ ಬಟನ್ ಒತ್ತಿದರೆ ಮೇಲ್ ಈಚೆ ಬರುತ್ತದೆ ಎಂದು ಯಜಮಾನರಿಗೆ ಹೇಳಿದೆ.

"ಫೋನಿನಾಗೆ ಹೇಳಿದ್ರೆ ಇವರ್ಯಾರೂ ಮಾಡಲ್ಲ. ನಾನೇ ಹೋಗಿ ಎಲ್ಲರ ಹತ್ರ ಒತ್ತಿಸಿ ಬರ್ತೀನಿ" ಎಂದು ಬೈಕ್ ಹತ್ತಿದರು. ಸವಳಂಗದ ಮೇಲೆ ನ್ಯಾಮತಿ, ಅಲ್ಲಿಂದ ಹೊನ್ನಾಳಿ, ಮಾರನೇ ದಿನ ಜಗಳೂರು.

ಮುಖ ಅರಳಿಸಿಕೊಂಡು ಬಂದರು. ಎಲ್ಲರೂ ಕೂರಿಸಿ ಚಹಾ ಕೊಟ್ಟಿದ್ದರು, ಎದುರಿಗೇ ಸಿಕ್ಕಿದರಲ್ಲ ಎಂದು ಆರ್ಡರನ್ನೂ ಕೊಟ್ಟಿದ್ದರು. ಆ ವರ್ಷದ ವ್ಯಾಪಾರ ಉಳಿಯಿತು. ಆದರೆ ಮಾರನೇ ಬೆಳಗ್ಗೆ ಆ ಮೂರು ಊರಿಗೂ ಒಂದೇ ಒಂದು ಮೇಲ್ ಹೋಗಲಿಲ್ಲ. ನಿಮ್ಮ ಮೇಲೆ ಗ್ರಾಹಕರೇ ದೂರು ಕೊಟ್ಟಿದ್ದಾರೆ ಎಂಬ ಉತ್ತರ ಬಂತು.

"ಯಜಮಾನ್ರೇ, ನ್ಯಾಮತಿಯಲ್ಲಿ ಯಾವ ಬಟನ್ ಒತ್ತಿದ್ರಿ?"

"ಅಲ್ಲಿ ಮೇಲ್ ನೆಟ್ಟಗೇ ಬಂದಿತ್ತು. ನೀನು ಹೇಳಿದ ಬಟನ್ ಇರಲಿಲ್ಲ. 'ಸ್ಪ್ಯಾಮ್ ಎಂದು ವರದಿ ಮಾಡಿ' ಅಂತ ಇತ್ತು. ವರದಿ ಮಾಡೋದು ಒಳ್ಳೇದಲ್ವಾ, ಮಾಡಿದೆ."

"ಹೊನ್ನಾಳಿಯಲ್ಲಿ?"

"ಅಲ್ಲೂ ವರದಿ ಮಾಡಿದೆ. ಹಳೇ ಮೇಲ್ ಒಂದೂ ಬಿಡಲಿಲ್ಲ."

"ಜಗಳೂರಲ್ಲಾದ್ರೂ 'ಸ್ಪ್ಯಾಮ್ ಅಲ್ಲ' ಅಂತ ಒತ್ತಿದ್ರಾ?"

"ಒತ್ತಿದೆ. ಒತ್ತಿದ ಕೂಡ್ಲೇ ಮೇಲ್ ಈಚೆ ಬಂತು, ವರದಿ ಬಟನ್ನೂ ಬಂತು. ಅಷ್ಟ್ರಲ್ಲಿ ನೆಟ್ ಹೋಯ್ತು. ಅಷ್ಟಕ್ಕೇ ಬಿಡ್ತೀನಾ? ಅವರ ಫೋನ್ ಹಿಡ್ಕೊಂಡು ಮಾಳಿಗೆ ಹತ್ತಿ ಅದನ್ನೂ ಒತ್ತಿ ಬಂದೆ."