ಸಾಬೂದಾಣಿಯ ಉಪವಾಸ

ನಮ್ಮ ಶಹಾಪುರದ ಕಡೆ ಯಾರೂ ದಪ್ಪ ಆಗುವುದಿಲ್ಲ, ಮೈ ಬರುತ್ತದೆ. ಈ ಮಾತಿನಲ್ಲಿರುವ ಸೌಕರ್ಯವನ್ನು ತಾವು ಗಮನಿಸಬೇಕು. ದಪ್ಪ ಆದಳು ಎಂದರೆ ಅವಳೇ ಕೂತು ತಿಂದು ಆದಳು ಎಂದಾಯಿತು. ಮೈ ಬಂತು ಎಂದರೆ ಹಾಗಲ್ಲ. ಬೀಗರು ಬಂದ ಹಾಗೆ ತಾನಾಗಿ ಬಂತು, ನಾವು ಬಾಗಿಲು ತೆರೆದೆವು, ಅಷ್ಟೇ. ನಾನು ಕೆನಾಲ್ ದಂಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಟೀಚರ್ ಆಗಿ ಸೇರಿದಾಗ ಅಲ್ಲಿನ ಹೊಲಗಳಿಗೆ ನೀರು ಹರಿಯಲು ಶುರುವಾಗಿ ಬಹಳ ದಿನ ಆಗಿರಲಿಲ್ಲ. ಆಗಿನ್ನೂ ಊರಿಗೆಲ್ಲ ಜೋಳದ ರೊಟ್ಟಿ, ನಾನು ಕಟ್ಟಿಗೆಯಂತಿದ್ದೆ. ಆಮೇಲೆ ನೆಲ್ಲು ಬಂತು, ಎರಡೂ ಹೊತ್ತು ಬಿಸಿ ಅನ್ನ ಬಂತು. "ಕೆನಾಲ್ ಬಂತು, ನೆಲ್ಲು ಬಂತು, ನಮ್ಮ ಸೊಸಿಗಿ ಮೈ ಬಂತು" ಎಂದು ನಮ್ಮ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು, ಅದೂ ಹೆಮ್ಮೆಯಿಂದ. ಹೀಗೆ ತಪ್ಪನ್ನೆಲ್ಲ ಕೆನಾಲಿನ ತಲೆಗೆ ಕಟ್ಟಿ ನಾನು ಇಪ್ಪತ್ತೈದು ವರ್ಷ ಹಾಯಾಗಿದ್ದೆ.

ಹಾಯಾಗಿರಲು ಬಿಡದಿದ್ದದ್ದು ತೂಕದ ಕಾಟಾ. ನಮ್ಮ ಮನೆಯವರು ಶಹಾಪುರದ ಅಡತಿ ಅಂಗಡಿಯೊಂದರಲ್ಲಿ ಹತ್ತಿ ತೂಗುವವರು. ಒಂದು ದಿನ ಅವರಿಗೆ ಬುತ್ತಿ ಕೊಡಲು ಹೋದವಳು, ಏನು ಬುದ್ಧಿ ಬಂತೋ, ಅಂಗಡಿಯ ಕಾಟಾದ ಮೇಲೆ ಹತ್ತಿ ನಿಂತೆ. ಅವರು ಅಭ್ಯಾಸಬಲದಿಂದ "ಒಂದು ಕ್ವಿಂಟಲ್ ಹದಿನೆಂಟು!" ಎಂದು ಗಟ್ಟಿಯಾಗಿ ಕೂಗಿಬಿಟ್ಟರು. ಹಮಾಲರೆಲ್ಲ ತಿರುಗಿ ನೋಡಿದರು. "ಚೀಲದ ತೂಕ ಕಳೀರಿ" ಎಂದು ನಾನು ಸೀರೆ ತೋರಿಸಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ನಡೆದು ಬರುವಾಗ ದಾರಿಯಲ್ಲಿ ಮೂರು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.

ಮೈಯೊಂದೇ ಬಂದಿದ್ದರೆ ಸರಿಯಿತ್ತು. ಅದರ ಹಿಂದೆ ಸಕ್ಕರೆ ಕಾಯಿಲೆ ಬಂತು, ಮೊಣಕಾಲು ನೋವು ಬಂತು, ಮಲಗಿದರೆ ಉಸಿರು ನಿಂತು ನಿಂತು ಬರತೊಡಗಿತು. ನಮ್ಮ ಅವ್ವ ಇದೇ ಮೈ, ಇದೇ ಸಕ್ಕರೆ, ಇದೇ ಉಸಿರಿನಲ್ಲಿ ಐವತ್ತೆರಡಕ್ಕೆ ಹೋದಳು. ನನಗೆ ಆಗ ಐವತ್ತೊಂದು. ಈ ಲೆಕ್ಕ ಮಾಡಲು ಟೀಚರ್ ಆಗಬೇಕಿಲ್ಲ. ಕಲಬುರಗಿಯ ಆಸ್ಪತ್ರೆಯೊಂದರ ಡಾಕ್ಟರು "ಹೊಟ್ಟೆ ಕತ್ತರಿಸಿ ಸಣ್ಣದು ಮಾಡೋಣ, ಒಂದು ಬಾಳೆಹಣ್ಣಿನಷ್ಟು ಉಳಿಸೋಣ" ಎಂದಾಗ ಬೇಡ ಎನ್ನಲು ನನಗೆ ಧೈರ್ಯ ಬರಲಿಲ್ಲ. ಹೂಂ ಎನ್ನಲೂ ಬರಲಿಲ್ಲ. ಮಾಡಿಸಿಕೊಳ್ಳದಿದ್ದರೆ ಅವ್ವನ ಹಾಗೆ ಹೋಗುತ್ತೇನೆ, ಮಾಡಿಸಿಕೊಂಡರೆ ಆ ಟೇಬಲ್ಲಿನಿಂದ ಏಳುವುದೇ ಇಲ್ಲ ಎಂದು ಎರಡೂ ಕಡೆ ಸಾಯುತ್ತಾ ಎರಡು ತಿಂಗಳು ಬದುಕಿದೆ.

ಆ ಎರಡು ತಿಂಗಳು ತಪಾಸಣೆಗಳದೇ ಹಬ್ಬ. ರಕ್ತ ಕೊಟ್ಟೆ, ಎದೆಗೆ ತಂತಿ ಅಂಟಿಸಿಕೊಂಡೆ, ಗಂಟಲೊಳಗೆ ಕೊಳವೆ ಇಳಿಸಿಕೊಂಡೆ. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಬಳಿದು ಸ್ಕ್ಯಾನಿಂಗ್ ಮಾಡಿ, ಲಿವರಿನಲ್ಲೂ ಕೊಬ್ಬು ಸೇರಿದೆ ಎಂದರು. ಎಲ್ಲ ಕಡೆ ಸೇರಿದ್ದು ಅದನ್ನೊಂದೇ ಯಾಕೆ ಬಿಟ್ಟೀತು? ಪ್ರತಿ ಸಲ ಯಾದಗಿರಿಯಲ್ಲಿ ರೈಲು ಹತ್ತುವಾಗ, ಯಾವುದಾದರೂ ಒಂದು ತಪಾಸಣೆಯಲ್ಲಿ ನಪಾಸಾಗಲಿ, ನಿಮಗೆ ಆಪರೇಷನ್ ಆಗುವುದಿಲ್ಲ ಎಂದು ಅವರೇ ಹೇಳಿಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ನನ್ನ ಕರ್ಮಕ್ಕೆ ಎಲ್ಲದರಲ್ಲೂ ಪಾಸಾದೆ.

ಊಟದ ವಿಷಯ ನೋಡಿಕೊಳ್ಳುವ ಹುಡುಗಿಯೊಬ್ಬಳು ಒಂದು ವಾರದ ಊಟ ಬರೆದು ತರಲು ಹೇಳಿದ್ದಳು. ದಿನಕ್ಕೆ ಎರಡು ಊಟ ಎಂದು ಮುದ್ದಾಗಿ ಬರೆದು ಕೊಟ್ಟೆ. ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು.

"ಮುಂಜಾನಿ ಏನೂ ಇಲ್ಲೇನ್ರಿ?"

"ಅದು ನಾಷ್ಟಾ ಅಲ್ರಿ?"

"ಮತ್ತ ಸಂಜಿಕ?"

"ಅದು ಚಹಾರಿ. ಅದರ ಜೋಡಿ ಚುರುಮುರಿ ಸುಸಲಾ, ನಾಕು ಮಿರ್ಚಿ ಭಜಿ."

"ಇದ್ಯಾವುದೂ ಬರ್ದಿಲ್ಲಲ್ರಿ?"

"ನೀವು ಊಟ ಕೇಳೀರಿ" ಎಂದೆ. ನಮ್ಮಲ್ಲಿ ಊಟ ಎಂದರೆ ರೊಟ್ಟಿ, ಅನ್ನ. ಉಳಿದದ್ದೆಲ್ಲ ಬಾಯಾಡಿಸುವುದು. ಅದನ್ನೂ ಊಟದ ಖಾತೆಗೆ ಸೇರಿಸುತ್ತಾರೆಂದು ನನಗೇನು ಗೊತ್ತು.

ಆಮೇಲೆ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಹೊಟ್ಟೆ ಕೊಯ್ಯಲು ಮನಸ್ಸು ಯಾಕೆ ನೋಡಬೇಕು ಎಂದು ಸಿಟ್ಟೇ ಬಂದಿತ್ತು. ಅವರು ಮೆತ್ತಗಿನ ದನಿಯ ವಯಸ್ಸಾದ ಮನುಷ್ಯ. "ಸಿಟ್ಟು ಬಂದಾಗ ತಿಂತೀರೇನವ್ವ?" ಎಂದರು. ಹೌದ್ರಿ ಎಂದೆ. "ಖುಷಿ ಆದಾಗ?" ಅವಾಗೂ ತಿಂತೀನ್ರಿ ಎಂದೆ. "ಹೆದರಿಕಿ ಆದಾಗ?" ಎಂದರು. "ನನಗ ಹೆದರಿಕಿನೇ ಇಲ್ರಿ ಸರ್" ಎಂದೆ. ಕೈಯಲ್ಲಿದ್ದ ಕರವಸ್ತ್ರವನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದೆ. ಅವರು ಅದನ್ನೊಮ್ಮೆ ನೋಡಿ ಏನೋ ಬರೆದುಕೊಂಡರು.

ಆಪರೇಷನ್ನಿಗೆ ಮೊದಲು ಲಿವರು ಕುಗ್ಗಬೇಕೆಂದು ಹದಿನೈದು ದಿನ ತೆಳ್ಳಗಿನ ಪದಾರ್ಥಗಳಲ್ಲೇ ಇಟ್ಟರು. ಪುಡಿ ಕಲಸಿದ ಹಾಲು, ಮಜ್ಜಿಗೆ, ಬೇಳೆಯ ಕಟ್ಟು. "ಹಸುಗೂಸಿಗೂ ಇದಕ್ಕಿಂತ ಜಾಸ್ತಿ ಹಾಕ್ತಾರ" ಎಂದು ಅತ್ತೆ ಮರುಗಿದರು. ಇದರ ಮೇಲೆ ಸುರಪುರದ ನಾದಿನಿಯ ಫೋನು ಬೇರೆ. "ವೈನಿ, ಏನೂ ಹೆದರಬ್ಯಾಡ್ರಿ. ನಮ್ಮ ಓಣ್ಯಾಗ ಒಬ್ಬಾಕಿ ಇದನ್ನ ಮಾಡಿಸ್ಕೊಂಡಿದ್ಲು." ಈಗ ಹ್ಯಾಂಗದಾಳ ಎಂದು ಕೇಳಿದೆ. "ಅದು ಬ್ಯಾಡ ಬಿಡ್ರಿ" ಎಂದು ಆಕೆ ಮಳೆಯ ಮಾತಿಗೆ ಹೊರಳಿದಳು. ಅವತ್ತು ನಾನು ನಮ್ಮ ಮನೆಯವರನ್ನು ಕೂರಿಸಿಕೊಂಡು ಗ್ಯಾಸಿನ ಪುಸ್ತಕ ಎಲ್ಲಿದೆ, ಅತ್ತೆಯ ಬಿಪಿ ಗುಳಿಗೆ ಯಾವ ಡಬ್ಬಿಯಲ್ಲಿದೆ, ಯಾವುದನ್ನು ಯಾವಾಗ ಕೊಡಬೇಕು ಎಂದು ಹೇಳಿಕೊಟ್ಟೆ. "ನಾಕು ದಿನಕ್ಕ ಬರಾಕಿ, ಇದೆಲ್ಲ ಯಾಕ ಹೇಳಾಕತ್ತಿ?" ಎಂದರು. ಯಾಕೆಂದು ಇಬ್ಬರಿಗೂ ಗೊತ್ತಿತ್ತು.

ಒಂದು ಭಾನುವಾರ ಆಸ್ಪತ್ರೆಯಿಂದ ಫೋನು ಬಂತು. "ನಾಳಿ ಮಧ್ಯಾಹ್ನ ಆಪರೇಷನ್ ಅದ್ರಿ. ಮುಂಜಾನಿ ಬಂದು ಸೇರ್ಕೊಳ್ರಿ. ಉಪವಾಸ ಬರ್ರಿ."

ಈಗ ಉಪವಾಸದ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ಉಪವಾಸವೆಂದರೆ ರೊಟ್ಟಿ ಇಲ್ಲ, ಅನ್ನ ಇಲ್ಲ, ಬೇಳೆ ಇಲ್ಲ. ಅದರ ಬದಲಿಗೆ ತಾವು ಸಬ್ಬಕ್ಕಿ ಎನ್ನುವ ಸಾಬೂದಾಣಿಯ ಖಿಚಡಿ, ಶೇಂಗಾದ ಉಂಡಿ, ಬಾಳೆಹಣ್ಣು, ಖಜೂರ, ಗಟ್ಟಿ ಹಾಲು. ಉಳಿದ ದಿನಕ್ಕಿಂತ ಅವತ್ತೇ ಹೊಟ್ಟೆ ಚೆನ್ನಾಗಿ ತುಂಬುತ್ತದೆ, ಪುಣ್ಯ ಬರುವುದು ಬೇರೆ. ಏನೂ ಮುಟ್ಟದೆ ಇರುವುದಕ್ಕೆ ನಿಟ್ಟುಪವಾಸ ಎಂದು ಹೆಸರಿದೆ. ಅದು ನಮ್ಮಂಥವರ ಕೈಲಾಗುವುದಲ್ಲ. ಅದೂ ಅಲ್ಲದೆ ಮರುದಿನ ಸೋಮವಾರ, ಅತ್ತೆಯ ವಾರದ ಉಪವಾಸದ ದಿನ. ನಸುಕಿನಲ್ಲಿ ಎದ್ದು ಅವರು ಶೇಂಗಾ ಹುರಿದರು, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿದರು. ಹದಿನೈದು ದಿನ ಬೇಳೆಕಟ್ಟು ಕುಡಿದವಳ ಮೂಗಿಗೆ ಆ ವಾಸನೆ ಬಂದಾಗ ಏನಾಗಿರಬೇಡ, ತಾವೇ ಹೇಳಿ. ಡಬ್ಬಿ ತುಂಬಿ ಚೀಲದಲ್ಲಿಟ್ಟುಕೊಂಡು ಅತ್ತೆಯೂ ನಮ್ಮ ಜೊತೆ ಹೊರಟರು. ವಾಡಿಯಲ್ಲಿ ರೈಲು ಬಹಳ ಹೊತ್ತು ನಿಂತಿತು. ನಮ್ಮ ಮನೆಯವರು ನೀರು ತರಲು ಇಳಿದವರು ಪರಿಚಯದ ವ್ಯಾಪಾರಿಯೊಬ್ಬರು ಸಿಕ್ಕು ಹತ್ತಿಯ ಮಾತಿಗೆ ನಿಂತರು. ಅವರು ವಾಪಸ್ ಬರುವುದರೊಳಗೆ ಡಬ್ಬಿ ಖಾಲಿಯಾಗಿತ್ತು. ಮೇಲೆ ಒಂದು ಬಾಳೆಹಣ್ಣೂ ಹೋಗಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಬಂದು ಕೇಳಿದಳು: "ಊಟ ಮಾಡೀರೇನ್ರಿ?"

"ಇಲ್ರಿ."

"ನಾಷ್ಟಾ, ಚಹಾ?"

"ಏನೂ ಇಲ್ರಿ. ಬರೇ ಉಪವಾಸ ಮಾಡೀನಿ."

ಹೊರಟಿದ್ದವಳು ಗಕ್ಕನೆ ನಿಂತಳು. ಅವಳೂ ನಮ್ಮ ಕಡೆಯವಳೇ ಇರಬೇಕು. "ಉಪವಾಸಕ್ಕ ಏನ್ ತಿಂದ್ರಿ?" ಎಂದಳು. ನಾನು ಸಾಬೂದಾಣಿಯಿಂದ ಶುರುಮಾಡಿ ಬಾಳೆಹಣ್ಣಿಗೆ ಬರುವಷ್ಟರಲ್ಲಿ ಅವಳು ಓಡಿಹೋಗಿ ಅರಿವಳಿಕೆ ಕೊಡುವ ಡಾಕ್ಟರನ್ನು ಕರೆತಂದಳು. ಅವರ ಸಿಟ್ಟು ನೋಡಬೇಕಿತ್ತು. "ಎಚ್ಚರ ತಪ್ಪಿಸಿದ ಮ್ಯಾಲ ಹೊಟ್ಟ್ಯಾಗಿಂದು ಶ್ವಾಸಕೋಶಕ್ಕ ಇಳಿದಿದ್ರ ಜೀವಾನೇ ಹೋಗ್ತಿತ್ತು, ಗೊತ್ತದೇನ್ರಿ? ಯಾರ್ ತಿನಿಸಿದವರು?" ಅತ್ತೆ ಎದ್ದು ನಿಂತು ಕೈ ಮುಗಿದರು. "ನಾನ್ರಿ ಸಾಹೇಬ್ರ. ಓದು ಬರಹ ಇಲ್ಲದಾಕಿ, ನನಗೇನ್ ತಿಳೀತದ್ರಿ?" ನಮ್ಮ ಮನೆಯವರು ತಾಯಿಗೆ ಎಂದೂ ಏರುದನಿಯಲ್ಲಿ ಮಾತಾಡಿದವರಲ್ಲ. ಅವತ್ತು ಎಲ್ಲರ ಎದುರಿಗೆ "ಸೊಸಿನ್ನ ಕೊಲ್ತಿದ್ಯಲ್ಲವ್ವ!" ಎಂದು ಕೂಗಾಡಿದರು. ಆಪರೇಷನ್ ಒಂದು ವಾರ ಮುಂದೆ ಹೋಯಿತು.

ಸುದ್ದಿ ನಮಗಿಂತ ಮೊದಲೇ ಶಹಾಪುರ ಮುಟ್ಟಿತ್ತು. ಆಪರೇಷನ್ನಿಗೆ ಸಾಬೂದಾಣಿ ತಿನ್ನಿಸಿದ ಅತ್ತೆ ಎಂದು ಓಣಿಯ ತುಂಬ ನಗೆ. ಯಾವ ಮದುವೆಗೆ ಹೋದರೂ ಯಾರಾದರೊಬ್ಬರು "ಅಮ್ಮಾ, ಇವತ್ತ ಉಪವಾಸೇನು?" ಎಂದು ಛೇಡಿಸುವವರೇ. ಅತ್ತೆಯೂ "ಹೂಂ ಯಪ್ಪಾ, ನಂದ ತಪ್ಪು" ಎಂದು ಅವರ ಜೊತೆ ನಗುತ್ತಾರೆ.

ಈಗ ನಿಜ ಹೇಳುತ್ತೇನೆ. ಆ ಸೋಮವಾರ ನಸುಕಿನಲ್ಲಿ, ಶೇಂಗಾ ಹುರಿಯುವ ಮೊದಲು, ಅತ್ತೆ ನನ್ನನ್ನು ಕೇಳಿದ್ದರು: "ದವಾಖಾನಿ ಉಪವಾಸ ಅಂದ್ರ ಹ್ಯಾಂಗವ್ವ? ಉಪವಾಸದ್ದು ನಡೀತದೋ ಇಲ್ಲೋ? ನೀ ಓದಿದಾಕಿ, ನೀ ಹೇಳು." ನನಗೆ ಗೊತ್ತಿತ್ತು. ನೀರು ಕೂಡ ಕುಡಿಯಬಾರದು ಎಂದು ಆಸ್ಪತ್ರೆಯವರು ಕನ್ನಡದಲ್ಲೇ ಅಚ್ಚು ಹಾಕಿ ಕೊಟ್ಟಿದ್ದ ಹಾಳೆಯನ್ನು ನಾಲ್ಕು ಸಲ ಓದಿದ್ದೆ. "ನಡೀತದ್ರಿ" ಎಂದೆ. ಹೆದರಿಕೆ ಆಗಿತ್ತು. ತಿಂದರೆ ಅವತ್ತಿನ ಮಟ್ಟಿಗೆ ಬದುಕಿಕೊಂಡೆ ಎಂದು ವಾಡಿಯಲ್ಲಿ ಗಬಗಬ ತಿಂದೆ. ನರ್ಸಿನ ಮುಂದೆ ಉಪವಾಸದ ಮಾತು ತೆಗೆದದ್ದೂ ಆಕೆ ತಡೆಯಲಿ ಎಂದೇ. ಯಾರು ತಿನಿಸಿದವರು ಎಂದು ಡಾಕ್ಟರು ಕೇಳಿದಾಗ ನಾನು ನೆಲ ನೋಡುತ್ತಾ ಕೂತೆ. ಅತ್ತೆ ಒಂದು ಸಲ ನನ್ನ ಮುಖ ನೋಡಿದರು, ಆಮೇಲೆ ಎದ್ದು ನಿಂತರು. ಪಾಠ ಒಪ್ಪಿಸದ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ದಿನಾ ಬೈಯುವ ಹೆಂಗಸು ನಾನು.

ಮುಂದಿನ ಸೋಮವಾರ ನಮ್ಮ ಮನೆಯಲ್ಲಿ ಒಲೆಯೇ ಹೊತ್ತಲಿಲ್ಲ. "ಈ ಸಲ ಉಪವಾಸ ನಂದು. ನೀ ಬರೇ ಹಸ್ಕೊಂಡು ನಡಿ" ಎಂದರು ಅತ್ತೆ. ವಾಡಿಯಲ್ಲಿ ರೈಲು ನಿಂತಾಗ ಅವರು ನನ್ನ ಕೈ ಹಿಡಿದುಕೊಂಡರು. "ಹೆದರಿಕಿ ಆಗಾಕತ್ತದೇನು?" ಎಂದರು. ಮನಸ್ಸಿನ ಡಾಕ್ಟರಿಗೂ ಹೇಳದ ಮಾತು ಅವರೆದುರು ಬಾಯಿಗೆ ಬಂತು: "ಭಾಳ ಆಗಾಕತ್ತದ್ರಿ ಅತ್ತಿ." "ಆಗ್ಲಿ ಬಿಡು. ಹೊಟ್ಟಿ ತುಂಬ ಹೆದರಿಕೀನ ಅದ, ಇನ್ನೇನ್ ತಿಂತಿ" ಎಂದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸಂಜೆ ಎಚ್ಚರವಾದಾಗ ನರ್ಸ್ ಅತ್ತೆಯನ್ನು ಬೈಯುವುದು ಕೇಳಿಸಿತು. ನಾನು ಕಣ್ಣು ಬಿಡುವವರೆಗೆ ಆ ಮುದುಕಿ ಒಂದು ಗುಟುಕು ನೀರೂ ಕುಡಿದಿರಲಿಲ್ಲ, ಬಿಪಿ ಗುಳಿಗೆಯನ್ನೂ ನುಂಗಿರಲಿಲ್ಲ. ಬದುಕಿದ್ದೇನೆ ಎಂದು ನನಗೆ ಗೊತ್ತಾದದ್ದು ಆ ಬೈಗುಳದಿಂದಲೇ.

ಈಗ ಮೂರು ತಿಂಗಳಿಗೊಮ್ಮೆ ಹೋಗಿ ರಕ್ತ ತೋರಿಸಿ ಬರುತ್ತೇನೆ, ದಿನಾ ಜೀವಸತ್ವದ ಗುಳಿಗೆ ನುಂಗುತ್ತೇನೆ. ಊಟ ನಾಲ್ಕೇ ಚಮಚ. ಊಟಕ್ಕೂ ನೀರಿಗೂ ನಡುವೆ ಅರ್ಧ ತಾಸು ಬಿಡಬೇಕೆಂದು ಕಟ್ಟಪ್ಪಣೆಯಾಗಿದೆ. ಅಂಗಡಿಯ ಕಾಟಾದಲ್ಲಿ ಕ್ವಿಂಟಲಿನ ಕೆಳಗೆ ಇಳಿದು ಬಹಳ ದಿನವಾಯಿತು. ಮೊನ್ನೆ ನನಗೆ ಐವತ್ತೆರಡು ತುಂಬಿ ಐವತ್ತಮೂರು ಹಿಡಿಯಿತು. ಅವತ್ತು ಅವ್ವನನ್ನು ನೆನೆದು ಸ್ವಲ್ಪ ಕಣ್ಣೀರು ಹಾಕಿದೆ, ಆಮೇಲೆ ಇದನ್ನು ಬರೆಯಲು ಕೂತೆ. ಅತ್ತೆಗೆ ಓದಲು ಬರುವುದಿಲ್ಲ ಎಂಬ ಧೈರ್ಯ ಇತ್ತು.

ನಿನ್ನೆ ಮಧ್ಯಾಹ್ನ, ಬರೆದ ಹಾಳೆಗಳನ್ನು ಜೋಡಿಸುತ್ತಿದ್ದಾಗ ಅತ್ತೆ ಬಂದು ಕೂತರು. "ಏನ್ ಬರ್ದಿ?" ಎಂದರು. ನಿಮ್ಮ ಸಾಬೂದಾಣಿ ಕಥಿ ಎಂದೆ. "ಓದು, ಕೇಳೂಣು" ಎಂದರು. ಊಟ ಮುಗಿಸಿದ ನಮ್ಮ ಮನೆಯವರೂ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಮೈ ಬಂದದ್ದು ಓದಿದೆ, ಕಾಟಾದ್ದು ಓದಿದೆ, ಇಬ್ಬರೂ ನಕ್ಕರು. ಮದುವೆಯಲ್ಲಿ ಛೇಡಿಸುವುದನ್ನು ಓದಿದಾಗ ಅತ್ತೆಯೇ ಎಲ್ಲರಿಗಿಂತ ಹೆಚ್ಚು ನಕ್ಕರು. ಅಲ್ಲಿಂದ ಮುಂದೆ ಮೆಲ್ಲಗೆ ಎರಡು ಹಾಳೆ ಕೂಡಿಸಿ ತಿರುವಿ, "ಮುಂದಿನ ಸೋಮವಾರ ನಮ್ಮ ಮನೆಯಲ್ಲಿ ಒಲೆಯೇ ಹೊತ್ತಲಿಲ್ಲ" ಎಂದು ಶುರುಮಾಡಿದೆ.

"ನಿಲ್ಲು" ಎಂದರು ಅತ್ತೆ. "ಎರಡು ಹಾಳಿ ಕೂಡಿಸಿ ತಿರುವಿದಿ."

"ಇಲ್ರಿ ಅತ್ತಿ."

"ನನಗ ಓದಾಕ ಬರಲ್ಲ. ಹಾಳಿ ಎಣಸಾಕ ಬರ್ತದ. ಹಿಂದ ತಿರುವು. ಅವನೂ ಕೇಳ್ಲಿ."

ನಮ್ಮ ಮನೆಯವರು ಇಬ್ಬರ ಮುಖವನ್ನೂ ನೋಡುತ್ತಾ ನೆಟ್ಟಗೆ ಕೂತರು. ನಾನು ನೀರಿನ ತಂಬಿಗೆಗೆ ಕೈ ಚಾಚಿದೆ. ಕುಡಿಯೋಣವೆಂದರೆ ನಾಲ್ಕು ಚಮಚದ ಊಟ ಮುಗಿಸಿ ಹತ್ತು ನಿಮಿಷವೂ ಆಗಿರಲಿಲ್ಲ. ಹೆದರಿಕೆಯಾದರೆ ಬಾಯಿಗೆ ಹಾಕಿಕೊಳ್ಳಲು ನನಗೀಗ ಏನೂ ಇಲ್ಲ. ಹಾಳೆ ಹಿಂದಕ್ಕೆ ತಿರುವಿ, "ಈಗ ನಿಜ ಹೇಳುತ್ತೇನೆ" ಎಂದು ಓದಿದೆ.