ಹುಚ್ಚೀರಪ್ಪನ ಜೋಳದಲ್ಲಿ ನಾನು ಹಾಕಿದ ರಸ್ತೆ

ಊಟಿಗೆ ಹೋದವರು ನೀಲಗಿರಿ ಎಣ್ಣೆ ತರುತ್ತಾರೆ, ಚಾಕೊಲೇಟ್ ತರುತ್ತಾರೆ, ಅದೃಷ್ಟ ಕೆಟ್ಟವರು ನೆಗಡಿಯನ್ನೂ ತರುತ್ತಾರೆ. ನಾನು ಕಲೆಯನ್ನು ತಂದೆ. (ಹೌದು, ಅಂಗಿಯ ಮೇಲೆ ತಂದರು ಎಂದು ನನ್ನ ಹೆಂಡತಿ ಲಲಿತಾ ಬಂದವರಿಗೆಲ್ಲ ಹೇಳುತ್ತಾಳೆ.)

ಅಲ್ಲಿಯ ಕೆರೆಯ ದಂಡೆಯ ಮೇಲೆ ಒಬ್ಬ ಮುದುಕ ಕುಳಿತು, ಬಣ್ಣದ ಕಡ್ಡಿಗಳನ್ನು ಕಾಗದಕ್ಕೆ ತಿಕ್ಕಿ, ಬೆರಳಿನಿಂದ ಸವರಿ, ನೋಡನೋಡುತ್ತಿದ್ದಂತೆ ಗುಡ್ಡ, ಮಂಜು, ನೀರು ಎಲ್ಲವನ್ನೂ ಇಳಿಸಿಬಿಟ್ಟಿದ್ದ. ಬ್ರಷ್ ಬೇಡ, ನೀರು ಬೇಡ. ಪ್ಯಾಸ್ಟೆಲ್ ಅಂತೆ. ಕೊಪ್ಪಳದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತ, ಬೋರ್ಡಿಗೆ ಸುಣ್ಣದ ಕಡ್ಡಿ ತಿಕ್ಕಿಯೇ ತಲೆ ಬೆಳ್ಳಗೆ ಮಾಡಿಕೊಂಡ ಪ್ರಭುರಾಜನಾದ ನನಗೆ ಇದೇನು ಮಹಾ ಎನ್ನಿಸಿತು. ಒಂದು ಡಬ್ಬಿ ಕೊಂಡೇಬಿಟ್ಟೆ.

ಭಾಗ್ಯನಗರದ ನಮ್ಮ ಮನೆಯಲ್ಲಿ ವರ್ಣಯುಗ ಆರಂಭವಾಯಿತು. ಈ ಕಡ್ಡಿಗಳ ಪುಡಿ ಜೋಳದ ಹಿಟ್ಟಿಗಿಂತ ಸಣ್ಣ. ಫ್ಯಾನ್ ಹಾಕಿದರೆ ಸಾಕು, ಊಟಿಯ ಕೆರೆ ಹಾರಿ ಅಡುಗೆಮನೆಗೆ ಬೀಳುತ್ತಿತ್ತು. ಒಂದು ದಿನ ರೊಟ್ಟಿ ಹಸಿರಾಗಿ ಬಂತು. ಇನ್ನೊಂದು ದಿನ ನನ್ನ ಸೂರ್ಯಾಸ್ತ ಲುಂಗಿಯಿಂದ ಸೋಫಾಕ್ಕೆ, ಸೋಫಾದಿಂದ ಬೀಗರ ಬಿಳಿ ಧೋತರಕ್ಕೆ ದಾಟಿತು. ಅವರು ಹೋಗುವಾಗ ಸೂರ್ಯನನ್ನು ಬೆನ್ನ ಕೆಳಗೆ ಕಟ್ಟಿಕೊಂಡೇ ಬಸ್ಸು ಹತ್ತಿದರು.

"ಮನಿ ಒಳಗ ಇನ್ನ ಒಂದ ಗುಡ್ಡಾ ಬರದ್ರಿ ಅಂದ್ರ, ಆ ಡಬ್ಬಿ ಬಚ್ಚಲಕ್ಕ ಹೋಗತೈತಿ ನೋಡ್ರಿ" ಎಂದಳು ಲಲಿತಾ.

"ಗುಡ್ಡಾ ಅಲ್ಲ ಲಲಿತಾ, ಇದಕ್ಕ ಭೂದೃಶ್ಯ ಅಂತಾರ."

"ಹಂಗಾರ ಭೂಮಿ ಮ್ಯಾಲ ಹೋಗಿ ಬರೀರಿ. ನನ್ನ ಸೋಫಾದ ಮ್ಯಾಲ ಯಾಕ?"

ಸಿಟ್ಟಿನಲ್ಲಿ ಆಡಿದ ಮಾತಾದರೂ ಅದರಲ್ಲಿ ನನಗೆ ಕಲಾಸಿದ್ಧಾಂತವೇ ಕಂಡಿತು. ಮುಂದಿನ ಭಾನುವಾರ ಯಲಬುರ್ಗಾದಲ್ಲಿರುವ ಅವಳ ಅಕ್ಕನ ಮನೆಗೆ ಹೋಗುವುದಿತ್ತು. ದಾರಿಯಲ್ಲಿ ಎಷ್ಟು ಬೇಕಾದರೂ ಬರೆದುಕೊಳ್ಳಿ, ಊಟದ ಹೊತ್ತಿಗೆ ಅಕ್ಕನ ಮನೆಯಲ್ಲಿರಬೇಕು ಎಂಬ ಷರತ್ತಿನ ಮೇಲೆ ಅನುಮತಿ ದೊರೆಯಿತು.

ತಳಕಲ್ ದಾಟಿ ಸ್ವಲ್ಪ ದೂರ ಹೋದಮೇಲೆ ಸ್ಕೂಟರ್ ನಿಲ್ಲಿಸಿದೆ. ಎಂಥ ನೋಟ! ಕಪ್ಪು ಎರೆ ನೆಲ, ತೆನೆ ಹಿಡಿದು ನಿಂತ ಬಿಳಿಜೋಳ, ಎರಡು ಹೊಲಗಳ ನಡುವೆ ಒಂದು ಬದು, ಬದುವಿನ ಈಚೆ ಒಂದು ಬೇವಿನ ಗಿಡ, ದೂರದ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಹಲಗೆ ಇಟ್ಟೆ. ಊಟಿಯ ಟೋಪಿ ಏರಿಸಿದೆ. ಒಂದು ಕಣ್ಣು ಮುಚ್ಚಿ, ಬಣ್ಣದ ಕಡ್ಡಿಯನ್ನು ಮುಂದೆ ಚಾಚಿ, ಗಿಡ ಎಷ್ಟೆತ್ತರ, ಬದು ಎಷ್ಟುದ್ದ ಎಂದು ಅಳೆಯತೊಡಗಿದೆ. (ಯೂಟ್ಯೂಬಿನಲ್ಲಿ ಹಾಗೆಯೇ ಮಾಡುತ್ತಾರೆ.) ಲಲಿತಾ ಬೇವಿನ ನೆರಳಿನಲ್ಲಿ ಕುಳಿತಿದ್ದ ಕಳಕಮ್ಮ ಎಂಬ ಮುದುಕಿಯ ಪಕ್ಕ ಕುಳಿತು ಹಸಿಕಡಲೆ ಸುಲಿಯುತ್ತ ಮಾತಿಗಿಳಿದಳು.

ಅಷ್ಟರಲ್ಲಿ ಆ ಹೊಲದ ಯಜಮಾನ, ಕಳಕಮ್ಮನ ಮಗ ಹುಚ್ಚೀರಪ್ಪ ಬಂದ. ಟವೆಲ್ಲು ಹೆಗಲಿನಿಂದ ಕೈಗಿಳಿಯಿತು.

"ನಮಸ್ಕಾರ್ರಿ ಸಾಹೇಬ್ರ. ಬಿಸಲಾಗ ನಿಂತೀರಲ್ರಿ, ಚಾ ತರಸಲ್ರಿ?"

ನನ್ನ ಯಾವ ವಿದ್ಯಾರ್ಥಿಯೂ ಇಷ್ಟು ಬಗ್ಗಿ ನಮಸ್ಕರಿಸಿದ್ದಿಲ್ಲ. ಹಳ್ಳಿಯಲ್ಲಿ ಕಲೆಗೆ ಇನ್ನೂ ಎಂಥ ಗೌರವವಿದೆ ಎಂದು ಕಣ್ಣು ತುಂಬಿ ಬಂತು. ಚಹಾ ಬಂತು. ಬದುವಿನ ಆಚೆ ಹೊಲದ ದಾದೇಸಾಬ ಒಂದು ಕಟ್ಟು ಕಡಲೆ ಗಿಡ ತಂದು ಸ್ಕೂಟರಿಗೇ ಸಿಕ್ಕಿಸಿದ.

"ಅಳತಿ ಬರೋಬ್ಬರಿ ಬಂತೇನ್ರಿ?" ಎಂದ ದಾದೇಸಾಬ.

"ಅಳತೀನ ಮುಖ್ಯ ನೋಡ್ರಿ ಇದರಾಗ" ಎಂದೆ ಗಂಭೀರವಾಗಿ.

"ಎಲ್ಲಾ ಇದ್ದಂಗ ಇರತೈತಿ ಹೌದಲ್ರಿ?" ಹುಚ್ಚೀರಪ್ಪನ ದನಿ ಯಾಕೋ ಸಣ್ಣಗಿತ್ತು.

"ಎಲ್ಲಾ ಇದ್ದಂಗ ಇಟ್ರ ಛಲೋ ಕಾಣಂಗಿಲ್ರಿ. ಕೆಲವನ್ನ ಸರಸಬೇಕಾಗತೈತಿ, ಕೆಲವನ್ನ ತಗೀಬೇಕಾಗತೈತಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅದನ್ನು ಮೆಚ್ಚುಗೆ ಎಂದು ತಿಳಿದೆ.

ಚಿತ್ರದಲ್ಲಿ ಅಂಕುಡೊಂಕಾದ ಒಂದು ದಾರಿ ಇದ್ದರೆ ನೋಡುವವರ ಕಣ್ಣು ಅದನ್ನು ಹಿಡಿದು ದೂರದ ಗುಡ್ಡಕ್ಕೆ ಹೋಗುತ್ತದೆ ಎಂಬುದು ಯೂಟ್ಯೂಬ್ ಗುರುವಿನ ಉಪದೇಶ. ಅಲ್ಲಿ ದಾರಿ ಇರಲಿಲ್ಲ. ಕಂದು ಕಡ್ಡಿ ತೆಗೆದು ಜೋಳದ ನಡುವೆ ಸರ್‍ರೆಂದು ಒಂದು ದಾರಿ ಎಳೆದೆ. ಬೇವಿನ ಗಿಡ ಅಡ್ಡ ಬಂತು. ಅದನ್ನು ಎತ್ತಿ ಬದುವಿನ ಆಚೆ ನೆಟ್ಟೆ.

ಹುಚ್ಚೀರಪ್ಪನ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು.

"ಸಾಹೇಬ್ರ, ಇದೇನ್ರಿ ನನ್ನ ಜ್ವಾಳದಾಗ?"

"ರಸ್ತಾ."

"ಯಾವಾಗಿಂದ?"

"ಈಗ ಹಾಕಿದೆ."

"ಬೈಪಾಸ್ ಬರತೈತಿ ಅಂತ ಮಂದಿ ಅಂದ್ರ ನಾ ನಂಬಿರ್ಲಿಲ್ಲಲ್ರೋ!" ಎಂದು ಹುಚ್ಚೀರಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಆಗ ನನಗೆ ಹೊಳೆಯಿತು, ಮೂರು ಕಾಲಿನ ಸ್ಟ್ಯಾಂಡ್, ಒಂದು ಕಣ್ಣಿನ ಅಳತೆ, ಚಹಾ, ಎಲ್ಲ. ಇವರು ನನ್ನನ್ನು ಭೂಮಿ ಅಳೆಯಲು ಬಂದ ಮೋಜಣಿಯವನೆಂದು ತಿಳಿದಿದ್ದರು!

"ಗಾಬರಿ ಆಗಬ್ಯಾಡ್ರಿ, ಸರಸಿದ್ರ ಸರೀತೈತಿ" ಎಂದು ಅವಸರದಲ್ಲಿ ಬೆರಳಿನಿಂದ ದಾರಿಯನ್ನು ಒರೆಸಿದೆ. ಅದು ಅಳಿಯಲಿಲ್ಲ. ಇನ್ನಷ್ಟು ಅಗಲವಾಗಿ, ಬದು ದಾಟಿ, ಪಕ್ಕದ ಹೊಲಕ್ಕೆ ಹೋಯಿತು.

"ಯಾ ಅಲ್ಲಾ! ನನ್ನ ಹೊಲಕ್ಕ ಬಂತಲ್ರೀ!" ದಾದೇಸಾಬ ಎಗರಿ ನಿಂತ. "ಹುಚ್ಚೀರಪ್ಪ, ಚಾ ಕುಡಿಸಿ ರಸ್ತಾ ನನ್ನ ಕಡಿ ತಳ್ಳಸಿದೇನು?"

"ನೀ ಏನ ಕಡಿಮಿ? ಕಡ್ಲಿ ಕೊಟ್ಟು ನಮ್ಮಪ್ಪ ಹಚ್ಚಿದ ಗಿಡಾ ಹೊಡಕೊಂಡಿ! ನೋಡಲ್ಲೆ, ನಿನ್ನ ಹೊಲದಾಗ ನಿಂತೈತಿ!"

ಒಬ್ಬರ ಎತ್ತು ಒಬ್ಬರು ಹೂಡಿಕೊಂಡು ಬಿತ್ತುತ್ತಿದ್ದ ಗೆಳೆಯರು, ನನ್ನ ಒಂದು ಕಾಗದದಿಂದ ಅಂಗಿಯ ಕಾಲರಿಗೆ ಕೈಹಾಕುವ ಹಂತಕ್ಕೆ ಬಂದರು. ನಾನು ನಡುವೆ ಹೋಗಿ, "ನಾ ಮೋಜಣಿಯವ ಅಲ್ರಿ, ಕಾಲೇಜ್ ಮಾಸ್ತರ!" ಎಂದು ಕೂಗಿದೆ.

"ರಸ್ತಾ ಹಾಕುಮುಂದ ಸಾಹೇಬ, ಕೇಳುಮುಂದ ಮಾಸ್ತರ?" ಎಂದ ಹುಚ್ಚೀರಪ್ಪ ಸ್ಕೂಟರಿನ ಚಾವಿ ಕಿತ್ತು ಜೇಬಿಗಿಳಿಸಿದ. "ಊರ ಹಿರೇರು ಬರಲಿ. ಅಲ್ಲೀತನಕ ಅಲ್ಲಾಡಬ್ಯಾಡ್ರಿ."

ಮರುದಿನದ ಪತ್ರಿಕೆಯ ಸುದ್ದಿ ನನ್ನ ಕಣ್ಣಮುಂದೆ ಬಂತು: ನಕಲಿ ಅಧಿಕಾರಿ ಸೆರೆ, ಬಣ್ಣದ ಡಬ್ಬಿ ವಶ.

ಸೆರಗಿನ ತುಂಬ ಕಡಲೆಯೊಂದಿಗೆ ಲಲಿತಾ ಓಡಿ ಬಂದಳು. ನನ್ನ ಚೀಲದಿಂದ ಹಳೆಯ ಚಿತ್ರಗಳನ್ನು ಎಳೆದು ಒಂದೊಂದಾಗಿ ಹಿಡಿದಳು.

"ಅಣ್ಣಾರ, ಇದೇನ ಹೇಳ್ರಿ ನೋಡೂಣು."

ದಾದೇಸಾಬ ಕಣ್ಣು ಸಣ್ಣಗೆ ಮಾಡಿ ನೋಡಿದ. "ಎಮ್ಮಿ ಮಲಗೈತಿ."

"ಅದು ಊಟಿ ಕೆರಿ. ಇದು?"

"ಬದನಿಕಾಯಿ ಪಲ್ಯ" ಎಂದ ಹುಚ್ಚೀರಪ್ಪ.

"ಆನೆಗೊಂದಿ ಗುಡ್ಡಾ. ಈಗ ನೀವ ಹೇಳ್ರಿ, ಇಂಥವ್ರ ಕೈಯಾಗ ಯಾರರ ಭೂಮಿ ಅಳತಿ ಕೊಡತಾರೇನ್ರಿ?"

ಇಬ್ಬರೂ ಚಿತ್ರಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನೊಳಗಿನ ಕಲಾವಿದ ಸುಮ್ಮನಿರಲಿಲ್ಲ. "ಹಂಗಲ್ರಿ, ಇದು ಒಂದು ಶೈಲಿ, ಫ್ರಾನ್ಸಿನ್ಯಾಗ..." ಎಂದು ಆರಂಭಿಸಿದೆ.

"ಬರಂಗಿಲ್ಲ ಅಂತ ಒಪ್ಕೊಳ್ರಿ" ಎಂದು ಲಲಿತಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಅಕ್ಕನ ಮನ್ಯಾಗ ಊಟ ಆರಾಕತ್ತೈತಿ."

"ಹೌದ್ರಿ" ಎಂದೆ. "ನನಗ ಚಿತ್ರಾ ತಗ್ಯಾಕ ಬರಂಗಿಲ್ಲ."

"ಜೋರಾಗಿ ಹೇಳ್ರಿ."

"ನನಗ ಚಿತ್ರಾ ತಗ್ಯಾಕ ಬರಂಗಿಲ್ಲ!"

ಮೊದಲು ದಾದೇಸಾಬ ನಕ್ಕ. ಆಮೇಲೆ ಹುಚ್ಚೀರಪ್ಪ ನಕ್ಕ. ಕಾಲರ್ ಹಿಡಿಯಲು ಹೋದ ಕೈಗಳೇ ಒಬ್ಬರ ಬೆನ್ನು ಒಬ್ಬರು ಬಡಿದುಕೊಂಡವು. ಹೊಲ ಉಳಿಯಿತು, ಗಿಡ ಉಳಿಯಿತು, ಜೋಳ ನಿಂತಲ್ಲೇ ನಿಂತಿತು. ನನಗೂ ಉಸಿರು ಬಂತು. ಮಾನ ಹೋದರೆ ಹೋಗಲಿ, ಸ್ಕೂಟರಿನ ಚಾವಿ ಕೈಗೆ ಬಂದಾಗ ಆದಷ್ಟು ಆನಂದ ನನಗೆ ಬಡ್ತಿ ಬಂದಾಗಲೂ ಆಗಿರಲಿಲ್ಲ. ಹುಚ್ಚೀರಪ್ಪ ಬುತ್ತಿ ಬಿಚ್ಚಿ, ಬೇಡವೆಂದರೂ ಬಿಡದೆ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟ. "ತಿನ್ರಿ ಮಾಸ್ತರ. ನಿಮಗ ಚಿತ್ರಾ ಬರಲಿಲ್ಲ ಅಂತ ನಮ್ಮ ಹೊಲ ಉಳೀತು" ಎಂದ.

ಹೊರಡುವಾಗ ಕಳಕಮ್ಮ ಕೋಲೂರಿಕೊಂಡು ಬಂದು, ಹಲಗೆಯ ಮೇಲಿದ್ದ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಇದನ್ನ ನನಗ ಕೊಡ್ತೀಯೇನಪಾ?" ಎಂದಳು.

ನನ್ನ ಎದೆಯುಬ್ಬಿತು. ಕೊನೆಗೂ ಒಂದು ಜೀವಕ್ಕಾದರೂ ನನ್ನ ಕಲೆ ತಲುಪಿತಲ್ಲ! ಎರಡೂ ಕೈಯಿಂದ ಎತ್ತಿ ಕೊಟ್ಟು, "ಎಲ್ಲಿ ಹಾಕ್ತೀಯಬೇ ಯವ್ವಾ?" ಎಂದು ಕೇಳಿದೆ.

"ಎಲ್ಲೂ ಹಾಕಂಗಿಲ್ಲಪಾ, ಗಂಟ ಕಟ್ಟಿ ಇಡತೀನಿ" ಎಂದಳು ಕಳಕಮ್ಮ. "ನಾಳೆ ಖರೇ ಮೋಜಣಿಯವ್ರು ಬಂದ್ರ, ನಮ್ಮ ಹೊಲ ಹಿಂಗೈತಿ ನೋಡ್ರಿ ಅಂತ ಇದನ್ನ ತೋರಸ್ತೀನಿ. ಇಂಥಾ ಭೂಮಿ ನಮಗ ಬ್ಯಾಡವಾ ಅಂತ ಹಂಗ ಹೊಳ್ಳಿ ಹೋಗಲಿ."